ಅಜ್ಜಿ ಅಂಗಳದ ಕೆಂಪು ಧೂಳು

"ಯಾರು ಒರೆಸಿದ್ದು ಇದನ್ನ? ಯಾರ್ರೀ ಒರೆಸಿದ್ದು?"

ಪೂಜಿತಾಳ ಕೂಗಿಗೆ ಹಿತ್ತಲ ಪಾರಿವಾಳಗಳೆಲ್ಲ ಎದ್ದು ಹಾರಿದವು.

ಮೇಜಿನ ಮೇಲೆ ಅವಳು ಕೈಯಾರೆ ಮಾಡಿದ ಪುಟ್ಟ ಓಣಿಯಿತ್ತು. ಥರ್ಮೋಕೋಲ್ ಗೋಡೆ, ಬೆಂಕಿಪೊಟ್ಟಣದ ಬಾಗಿಲು, ಊದುಬತ್ತಿ ಕಡ್ಡಿಯ ಕಂಬ... ಚೋರನೂರಿನ ಕಡೆ ಅಜ್ಜಿ ಪಂಪಮ್ಮ ಬದುಕಿ ಹೋದ ಓಣಿ. ಅದಿರು ಲಾರಿಗಳ ದಾರಿ ಅಗಲ ಮಾಡಲು ಹೋದ ವರ್ಷ ಅದನ್ನು ಕೆಡವಿದ್ದರು. ಆ ದಿನ ಅಂಗಳದಿಂದ ಡಬ್ಬಿಯಲ್ಲಿ ತುಂಬಿಕೊಂಡು ಬಂದ ಧೂಳನ್ನೇ ಅವಳು ಈ ಓಣಿಗೆ ಉದುರಿಸಿದ್ದಳು.

ಸಂಜೆಯೊಳಗೆ ಆ ಓಣಿಯ ಕತೆ ಹೇಳುವ ಕಿರುಚಿತ್ರದ ಕೊನೆಯ ಶಾಟ್ ಆಗಬೇಕು. ಎರವಲು ಕ್ಯಾಮೆರಾ ನಾಳೆ ಕಂಪ್ಲಿಯ ಮದುವೆಗೆ ಹೋಗುತ್ತದೆ. ಈಗ ನೋಡಿದರೆ ಓಣಿ ಫಳಫಳ ಹೊಳೆಯುತ್ತಿದೆ!

"ನಾನೇ," ಎಂದ ಪ್ರಭಂಜನ, ತಲೆ ತಗ್ಗಿಸಿ.

ಆ ಮನೆಯ ಮಗ ಅವನು. ಚಿತ್ರಕ್ಕೆ ನಿರ್ದೇಶಕ, ಕ್ಯಾಮೆರಾಮನ್, ಲೈಟ್ ಬಾಯ್ ಎಲ್ಲ ಅವನೇ. ದೀಪಾವಳಿಯಿಂದ ಪ್ರತಿ ಭಾನುವಾರ ಇಬ್ಬರೂ ಅಂಟು, ಕತ್ತರಿ ಹಿಡಿದು ಇಲ್ಲೇ ಕೂರುತ್ತಿದ್ದರು. ಹುಡುಗಿ ಅವನ ಮೇಲೆ ಜೀವವನ್ನೇ ಇಟ್ಟುಕೊಂಡಿದ್ದಳು. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

"ಯಾಕ ಒರೆಸಿದ್ರಿ?"

ಅವನು ಹಿತ್ತಲತ್ತ ಕಣ್ಣು ಹಾಯಿಸಿದ.

"ನಾ ಹೇಳ್ತೀನಿ ಯಾಕಂತ! ಆ ರಸ್ತ್ಯಾಗ ಓಡಾಡೋ ಲಾರಿ ನಿಮ್ಮ ಮಾವಂದು. ಸಿನಿಮಾದಾಗ ಧೂಳು ಕಂಡ್ರ ಅವರ ಮರ್ಯಾದಿ ಹೋಗ್ತೈತಿ. ಹೌದಿಲ್ಲೋ?"

"ಹಂಗಲ್ಲ ಪೂಜಿತಾ... ಸ್ವಲ್ಪ ತಡಿ..."

"ಏನ್ ತಡೀಲಿ? ಇಡೀ ಹೊಸಪ್ಯಾಟ್ಯಾಗ ಕೆಂಪು ಧೂಳ ಐತಿ. ಆದ್ರ ಅದು ನಮ್ಮಜ್ಜಿ ಅಂಗಳದ್ದಲ್ಲ! ಆ ಜಾಗದ ಮ್ಯಾಲೆ ಡಾಂಬರು ಬಿದ್ದೈತಿ. ಎಲ್ಲಿಂದ ತರ್ಲಿ ನಾನು?"

ಎಂಥವನನ್ನು ನಂಬಿಬಿಟ್ಟೆ! ಕಣ್ಣೀರು ಬಂತು. ಬಂದದ್ದಕ್ಕೂ ಅವಳಿಗೆ ಸಿಟ್ಟು. ಚೀಲ ಹೆಗಲಿಗೇರಿಸಿ ಹಿತ್ತಲ ಬಾಗಿಲಿನತ್ತ ನಡೆದಳು.

ಅಷ್ಟರಲ್ಲಿ ಅವನ ತಾಯಿ ಯಮುನಾಬಾಯಿ ಅಡುಗೆಮನೆಯಿಂದ ಬಂದರು, ಕೈಯಲ್ಲಿ ಒದ್ದೆ ಬಟ್ಟೆ.

"ಅವಗ್ಯಾಕ ಬೈತೀ? ಒರೆಸಿದಾಕಿ ನಾನು. ದಿನಾ ಮುಂಜಾನೆ ಟಿವಿ, ಕಿಟಕಿ, ದೇವರ ಫೋಟೋ ಒರೆಸಿದ್ಹಂಗ ಇದನ್ನೂ ಒರೆಸಿದೆ. ಎಷ್ಟು ಚಂದ ಮಾಡ್ಯಾಳ ಹುಡುಗಿ, ಧೂಳು ಕೂತದಲ್ಲ ಅಂತ..."

ಅದಿರು ಲಾರಿಗಳ ಆ ಕಾಲದ ಹೊಸಪೇಟೆಯಲ್ಲಿ ಧೂಳು ಕಂಡ ಮೇಲೂ ಬಟ್ಟೆ ಎತ್ತಿಕೊಳ್ಳದ ಹೆಂಗಸು ಯಾರಿದ್ದರು, ನೀವೇ ಹೇಳಿ!

ಪೂಜಿತಾ ಚೀಲ ಕೆಳಗಿಟ್ಟಳು. ಪ್ರಭಂಜನನತ್ತ ತಿರುಗಿದಳು.

"ಮತ್ತ ನೀವ್ಯಾಕ ನಾನಂದ್ರಿ?"

"ನಿನ್ನ ಸಿಟ್ಟು ನನಗ ಗೊತ್ತದ. ಅಮ್ಮ ತಡಕೋತಿದ್ದಿಲ್ಲ."

ಆಗ ಕಂಡಿತು... ಅವನ ಎರಡೂ ಕೈ ಕೆಂಪು. ಹಿತ್ತಲ ಬಿಸಿಲಲ್ಲಿ ಒಂದು ಬಕೀಟು. ಪಕ್ಕದಲ್ಲಿ ಅವನ ಊಟದ ತಟ್ಟೆ. ಅದರ ತುಂಬ ಹರಡಿದ ಕೆಸರು ಅಂಚಿನಲ್ಲಿ ಆಗಲೇ ಒಣಗಿ ಪುಡಿಯಾಗುತ್ತಿತ್ತು.

"ಬಟ್ಟಿ ಹಿಂಡಿದ ನೀರು ಚೆಲ್ಲಲಿಕ್ಕೂ ಬಿಡಲಿಲ್ಲ ಇವ," ಎಂದು ಗೊಣಗಿ ಯಮುನಾಬಾಯಿ ಒಳಗೆ ಹೋದರು.

"ಧೂಳು ತಳಕ್ಕ ಕೂತ ಮ್ಯಾಲೆ ನೀರು ಬಸಿದೆ. ಇನ್ನೊಂದು ತಾಸಿಗೆ ಒಣಗ್ತದ. ಅದಕ್ಕ ತಡಿ ಅಂದೆ."

ಪೂಜಿತಾ ಹಿತ್ತಲಿಗಿಳಿದು ತಟ್ಟೆಯ ಪಕ್ಕ ಕೂತು ಆ ಪುಡಿಯನ್ನು ಬೆರಳಲ್ಲಿ ಮುಟ್ಟಿದಳು. ಅಜ್ಜಿಯ ಅಂಗಳ!

"ಇದನ್ನ ಮೊದಲ ಹೇಳಾಕ ಏನಾಗಿತ್ತು ನಿಮಗ?" ಅಳುತ್ತಲೇ ರೇಗಿದಳು.

"ನೀ ಮಾತಾಡ್ಲಿಕ್ಕೆ ಬಿಟ್ರಲ್ಲ!"

ಸಂಜೆ ಬಿಸಿಲಿಗೆ ಇಬ್ಬರೂ ಚಿಟಿಕೆ ಚಿಟಿಕೆಯಾಗಿ ಓಣಿಗೆ ಧೂಳು ಉದುರಿಸಿದರು. ಅವಳು ದಾರ ಎಳೆದಳು. ರಟ್ಟಿನ ಲಾರಿ ಓಣಿಯೊಳಗೆ ನುಗ್ಗಿತು, ಕೆಂಪು ಧೂಳೆದ್ದು ಅಜ್ಜಿಯ ಬಾಗಿಲು ಮುಚ್ಚಿಹೋಯಿತು. ಕ್ಯಾಮೆರಾ ಹಿಡಿದವನು "ಕಟ್" ಎನ್ನುವುದನ್ನೇ ಮರೆತ.

"ಈ ಸಿನಿಮಾ ನೋಡಿದ ಮ್ಯಾಲೆ ಮಾವ ನನ್ನ ಮನಿಗೆ ಸೇರಸಂಗಿಲ್ಲ," ಎಂದ ಮೆಲ್ಲಗೆ. "ನೀ ಸೇರಸ್ಕೋತೀಯೇನು? ನಿನ್ನ ಬಿಟ್ಟು ಇರ್ಲಿಕ್ಕೆ ಆಗಂಗಿಲ್ಲ ನನಗ."

"ನನ್ನ ಸಿಟ್ಟು ಇನ್ನಾ ಇಳದಿಲ್ಲ."

"ಇರಲಿ... ಸಿಟ್ಟಿನ ಜೊತಿಗೇ ಬಾ."

ಅವಳು ಮುಖ ತಿರುಗಿಸಿದಳು. ತುಟಿಯ ನಗು ಮಾತ್ರ ತಡೆಯಲಾಗಲಿಲ್ಲ. ಅವಳ ಕೈ ಹಿಡಿಯಲು ಹೋದವನು ತನ್ನ ಕೆಂಪು ಕೈ ನೋಡಿಕೊಂಡು ನಿಂತ.

"ತಡಿ, ತೊಳಕೊಂಡು ಬರ್ತೀನಿ."

"ಬ್ಯಾಡ..." ಎಂದಳು ಪೂಜಿತಾ. "ಹಂಗ ಹಿಡ್ಕೋರಿ."