ಮುಖಪುಟದ ಹೊನ್ನಕ್ಕ

2025ರ ಮಾರ್ಚ್ 11, ಮಂಗಳವಾರ, ಬೆಳಿಗ್ಗೆ 10.40. ಚನ್ನರಾಯಪಟ್ಟಣದ ‘ನಾರುಸಿರಿ’ ತೆಂಗಿನ ನಾರಿನ ಕಾರ್ಖಾನೆಯ ಮಾಲೀಕ ಅಮರನಾಥ ಹಾಸನದ ಸೈಬರ್ ಠಾಣೆಗೆ ಬಂದು ದೂರು ಬರೆದುಕೊಟ್ಟರು. ಕಂಪನಿಯ ವೆಬ್‌ಸೈಟಿಗೆ ಯಾರೋ ನುಗ್ಗಿದ್ದಾರೆ. ಹಗ್ಗ, ಮ್ಯಾಟುಗಳ ಚಿತ್ರವಿರಬೇಕಾದ ಮುಖಪುಟದಲ್ಲಿ ಆರು ದಿನದಿಂದ ಒಬ್ಬ ಹೆಂಗಸಿನ ಫೋಟೊ ಇದೆ.

“ಯಾರಿವರು?” ಇನ್‌ಸ್ಪೆಕ್ಟರ್ ಸಂಘಮಿತ್ರಾ ಕೇಳಿದರು.

“ಗೊತ್ತಿಲ್ಲ ಮೇಡಂ. ನಾವು ತೆಗೀತೀವಿ, ಮಾರನೇ ದಿನ ಬಂದು ಕೂತಿರ್ತಾಳೆ. ದೆವ್ವ ಇದ್ದಂಗೆ.”

“ದೆವ್ವಕ್ಕೂ ಪಾಸ್‌ವರ್ಡ್ ಬೇಕು ಸಾ,” ಎಂದ ಹೆಡ್ ಕಾನ್‌ಸ್ಟೆಬಲ್ ನಟರಾಜು.

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಮೂರಕ್ಕೆ ಕಾರ್ಖಾನೆಯ ಕಚೇರಿಯಲ್ಲಿ, ಇಬ್ಬರು ಪಂಚರ ಎದುರು ಕಂಪ್ಯೂಟರ್ ತೆರೆಸಿದರು. ವೆಬ್‌ಸೈಟು ನಡೆಯುತ್ತಿದ್ದುದು ಸಿಎಂಎಸ್ ಎಂಬ ತಂತ್ರಾಂಶದ ಮೇಲೆ. ಲಾಗಿನ್ ಇದ್ದವರು ಒಳಹೊಕ್ಕು ಪುಟ ಬದಲಿಸಬಹುದು. ಯಾರು, ಯಾವಾಗ, ಏನು ಮಾಡಿದರೆಂಬುದನ್ನು ಅದು ತಾನೇ ಬರೆದಿಟ್ಟುಕೊಳ್ಳುತ್ತದೆ. ಸಂಘಮಿತ್ರಾ ಸಾಲುಸಾಲಿಗೂ ಬೆರಳಿಟ್ಟು ಓದಿದರು. ಆರು ಸಲವೂ ಒಳಬಂದ ಲಾಗಿನ್ ಒಂದೇ: ಶೋಭಿತಾ.

“ಯಾರು?”

“ಸೈಟ್ ಮಾಡ್ಕೊಟ್ಟ ಹುಡುಗಿ. ಹೊಳೆನರಸೀಪುರದೋಳು. ಅವಳ ಲಾಗಿನ್ ತೆಗೀಬೇಕು ಅಂತ ನಮಗೇನ್ ಗೊತ್ತು?”

ಆದರೆ ಫೋಟೊ ಹೊಸದಲ್ಲ. ಸೈಟಿನ ಚಿತ್ರಸಂಗ್ರಹದಲ್ಲಿ ಮೊದಲೇ ಇತ್ತು. 2023ರ ಜೂನ್ 14, 12.05, ಹಾಕಿದವರು ಅಮರನಾಥ. ಕೆಳಗೆ ಅವರದೇ ಸಾಲು: ‘ಒಂಬತ್ತು ವರ್ಷದಿಂದ ನಮ್ಮಲ್ಲಿ ದುಡಿಯುತ್ತಿರುವ ಹೊನ್ನಕ್ಕ’. ಪುಟದಿಂದ ತೆಗೆದರೆ ಚಿತ್ರವೇ ಅಳಿದುಹೋಯಿತೆಂದು ಅವರು ತಿಳಿದಿದ್ದರು.

ಸಂಘಮಿತ್ರಾ ಆ ತಾರೀಕನ್ನೂ ಸಾಲನ್ನೂ ಇದ್ದಂತೆಯೇ ಪಂಚನಾಮೆಗೆ ಬರೆಸಿದರು. ಅಮರನಾಥ ಫೋನಿನಲ್ಲಿ ಮಾತಾಡುತ್ತಲೇ ಸಹಿ ಹಾಕಿದರು.

ಗುರುವಾರ ಇಂಟರ್‌ನೆಟ್ ಕಂಪನಿಯಿಂದ ಲಾಗಿನ್ ಆದ ಜಾಗದ ವಿಳಾಸ ಬಂತು. ಹೊಳೆನರಸೀಪುರದ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದ ಶೋಭಿತಾ ಪೊಲೀಸರನ್ನು ಕಂಡು ಬೆಚ್ಚಲಿಲ್ಲ.

“ಬನ್ನಿ ಮೇಡಂ. ಕಾಯ್ತಿದ್ದೆ.”

“ಹೊನ್ನಕ್ಕ ಯಾರು?”

“ನಮ್ಮವ್ವ. ನವೆಂಬರ್‌ನಲ್ಲಿ ಸಿಪ್ಪೆ ಮಿಷನ್ನಿಗೆ ಸೆರಗು ಸಿಕ್ಕಾಕ್ಕಂಡು ಸತ್ತೋದ್ಲು. ಸೌದೆಗೆ ಸಿಪ್ಪೆ ಆಯಕ್ಕೆ ಬಂದಿದ್ಲು, ನಮ್ಮ ಕೆಲಸದೋಳಲ್ಲ ಅಂತ ಮಾಲೀಕ್ರು ಬರೆಸುದ್ರು. ಆಜರಿ ಪುಸ್ತಕದಲ್ಲಿ ಎಸರೇ ಇಲ್ಲ. ಸೈಟಲ್ಲಿದ್ದ ಪುಟದ ಪ್ರಿಂಟ್ ತಕಂಡು ಪರಿಹಾರ ಕೇಳಕ್ಕೋದ್ರೆ, ಇಂಥವ ಯಾರು ಬೇಕಾದ್ರೂ ಮಾಡ್ಕಬೋದು ಕಣಮ್ಮ ಅಂದ್ರು ಲೇಬರ್ ಆಫೀಸಲ್ಲಿ.”

“ಅದಕ್ಕೆ ನುಗ್ಗಿದೆ?”

“ಅವರೇ ದೂರು ಕೊಡ್ಲಿ, ಪೊಲೀಸ್ರೇ ತೆಗ್ದು ನೋಡ್ಲಿ ಅಂತ.” ಅವಳೇ ಕೇಳಿದಳು, “ಆ ತಾರೀಕು, ಆ ಸಾಲು... ಪಂಚನಾಮೆಲಿ ಬಂತಾ ಮೇಡಂ?”

“ಬಂತು. ಕೇಸಾದ್ರೆ ಸರ್ಕಾರಿ ಕೆಲಸಕ್ಕೆ ತೊಡಕಾಗುತ್ತೆ, ಗೊತ್ತಾ?”

“ಗೊತ್ತು. ಪರೀಕ್ಷೆ ಬರ್ದು ಕಾಯ್ತಿದೀನಿ.”

ಸಂಜೆ 4.20ಕ್ಕೆ ಮಹಿಳಾ ಕಾನ್‌ಸ್ಟೆಬಲ್ ಧನ್ಯಾ ಸಮ್ಮುಖದಲ್ಲಿ ಬಂಧನ ಪತ್ರಕ್ಕೆ ಸಹಿಯಾಯಿತು. ಠಾಣೆಯಲ್ಲೇ ಜಾಮೀನು ಸಿಗುವ ಅಪರಾಧ. ಕೇಸ್ ಡೈರಿಯಲ್ಲಿ ‘ಉದ್ದೇಶ’ದ ಎದುರು ಸಂಘಮಿತ್ರಾ ಬರೆದರು: ‘ತಾಯಿ ಕಾರ್ಖಾನೆಯ ಕಾರ್ಮಿಕಳೆಂದು ಸಾಬೀತುಪಡಿಸುವುದು.’

ಹಾಸನದ ದಾರಿಯಲ್ಲಿ ಜೀಪಿನ ಕಿಟಕಿಯಾಚೆ ನೋಡುತ್ತಲೇ ಶೋಭಿತಾ ಹೇಳಿದಳು:

“ಆ ಫೋಟೊ ತೆಗ್ದೋಳು ನಾನೇ. ಅವ್ವ ದಿನಾ ಸೆರಗ ಸೊಂಟಕ್ಕೆ ಬಿಗ್ದಿರೋಳು. ಫೋಟೊಗೆ ಇಳಿಬಿಡವ್ವ, ಚೆಂದಾಗಿ ಕಾಣ್ತೀಯ ಅಂದೆ. ಆಮೇಲೆ ದಿನಾ ಅಂಗೇ ಉಟ್ಕಂಡು ಓಗೋಳು.”

ಸಂಘಮಿತ್ರಾ ಅದನ್ನು ಬರೆದುಕೊಳ್ಳಲಿಲ್ಲ.