ಕಿಟಕಿಯ ಮೇಲಿನ ಹಲಗೆ

ಮನೆಯ ಹೊರಗೋಡೆಗೆ ಮರದ ಹಲಗೆ ಹೊದಿಸೋದರಲ್ಲಿ ನನ್ನ ಕೆಲಸಕ್ಕೆ ಯಾರೂ ಬೆರಳು ಮಾಡಿ ತೋರಿಸಿದ್ದಿಲ್ಲ. ಕೊನೆಗೆ ಒಂದೊಂದು ಹಲಗೆಯನ್ನೂ ತಟ್ಟಿ ನೋಡ್ತೀನಿ. ಭದ್ರವಾಗಿದ್ದರೆ ಎರಡು ಸಲ. ಸಡಿಲವಿದ್ದರೆ ಮೂರು ಸಲ ತಟ್ತೀನಿ, ಜೊತೆಗೆ ಕೆಲಸ ಮಾಡೋ ನನ್ನ ಭಾಮೈದ ಬಂದು ಮೊಳೆ ಹೊಡೀತಾನೆ.

ಆವತ್ತು ಮಧ್ಯಾಹ್ನ, ತಟ್ಟಿ ನೋಡೋದೊಂದು ಬಾಕಿ ಇಟ್ಟು, ಇಬ್ಬರೂ ಹೊಸ ಮನೆಯ ಎದುರಿಗೇ ಊಟಕ್ಕೆ ಕೂತಿದ್ದೆವು. ಹಲಗೆಗಳ ಹಿಂದಿನಿಂದ ತಟ್ಟೋ ಸದ್ದು ಶುರುವಾಯ್ತು. ಕೆಳಗಿನಿಂದ ಮೇಲಕ್ಕೆ, ಹಲಗೆಗೆ ಎರಡೆರಡು ಸಲ. ಕಿಟಕಿಯ ಮೇಲಿನದಕ್ಕೆ ಮಾತ್ರ ಮೂರು.

"ಭಾವ, ನೀವು ಇಲ್ಲೇ ಇದ್ದೀರಲ್ಲ," ಅಂದ ಭಾಮೈದ.

ಆ ಹಲಗೆ ಕಿತ್ತು ನೋಡಿದೆ. ಮೊಳೆ ಹಿಂದಿನ ಮರದ ಪಟ್ಟಿಗೆ ಸಿಗದೆ ಪಕ್ಕಕ್ಕೆ ಹೋಗಿತ್ತು. ಸರಿಯಾಗಿ ಹೊಡೆದೆ. ಹಲಗೆಯ ಹಿಂದಿನಿಂದ ಎರಡು ಸಲ ತಟ್ಟಿದ ಸದ್ದು ಬಂತು.

ನಿಜ ಹೇಳ್ತೀನಿ, ಹೆದರಿಕೆಗಿಂತ ಮೊದಲು ಹೆಮ್ಮೆಯೇ ಆಯ್ತು. ಇಡೀ ಗೋಡೆಗೆ ಒಂದೇ ತಪ್ಪು.

ಹಲಗೆಗೂ ಗೋಡೆಗೂ ನಡುವೆ ನಾನು ಬಿಟ್ಟಿದ್ದ ಜಾಗ ಒಂದು ಬೆರಳಿನಷ್ಟು.