ಮೇಜು ಹತ್ತಿದ ಮೆಟ್ಟುಗತ್ತಿ

"ಅಲ್ಲಾಡ್ಸಿ ನೋಡಜ್ಜಿ! ಜೋರಾಗಿ ಅಲ್ಲಾಡ್ಸು!"

ಗಂಗೂ ಅಜ್ಜಿ ಮೆಟ್ಟುಗತ್ತಿಯ ಮಣೆ ಹಿಡಿದು ಎಳೆದಳು. ಜಪ್ಪಯ್ಯ ಅಂದರೂ ಅದು ಜಗ್ಗಲಿಲ್ಲ. ಜಗ್ಗೀತು ಹೇಗೆ? ಮೊಮ್ಮಗಳು ವಿಜೇತಾ ಮಣೆಯನ್ನು ಮೇಜಿಗೆ ಎರಡು ಕ್ಲ್ಯಾಂಪ್ ಹಾಕಿ ಬಿಗಿದಿದ್ದಳು. ಓದುವುದು ಐದನೇ ಕ್ಲಾಸು, ಗತ್ತು ಮಾತ್ರ ದೊಡ್ಡ ಮೇಸ್ತ್ರಿಯದು!

ಅವಳ ಅಪ್ಪ ಸುನಿಲ ಕಾರವಾರದಲ್ಲಿ ಫಿಟ್ಟರ್. ಅವರ್ಸಾ ಊರಿನ ಮನೆಯ ಹಿತ್ತಲಲ್ಲಿ ಅವನದೊಂದು ಪುಟ್ಟ ವರ್ಕ್‌ಶಾಪು. ತೆಂಗಿನ ಚಿಪ್ಪಿಗೆ ತೂತು ಕೊರೆಯುವಾಗ ಚಿಪ್ಪು ಉರುಳದ ಹಾಗೆ ಹಿಡಿಯುವ ಅಚ್ಚೊಂದನ್ನು ವಿಜೇತಾ ಅಲ್ಲೇ ಮಾಡಿ, ಅಪ್ಪನ ಹತ್ತಿರ ಭೇಷ್ ಅನ್ನಿಸಿಕೊಂಡಿದ್ದಳು.

ಆದರೆ ಈ ಸಲದ ಕೆಲಸ ಅಜ್ಜಿಯದು. ಅಜ್ಜಿಗೆ ಮೊಣಕಾಲು ನೋವು. "ನೆಲಕ್ಕೆ ಕೂರುವುದು ಇನ್ನು ಬಂದ್" ಅಂದಿದ್ದರು ಡಾಕ್ಟರು. ನೆಲಕ್ಕೆ ಕೂತು, ಮಣೆ ಮೆಟ್ಟಿ ಹೆಚ್ಚುವ ಈಳಿಗೆ ಈ ಮೆಟ್ಟುಗತ್ತಿ; ಅಂದಿನಿಂದ ಅದು ಮೂಲೆ ಸೇರಿತ್ತು. ಚಾಕು ಅಜ್ಜಿಯ ಕೈಗೆ ಒಗ್ಗಲಿಲ್ಲ, ಬಂಗಡೆ ಜಾರಿ ಜಾರಿ ಹೋಯಿತು. ಕೇರಿಯಲ್ಲೇ ಅಷ್ಟು ಚಂದ ಮೀನು ಹೆಚ್ಚುತ್ತಿದ್ದವಳು, "ನಾ ಇನ್ನು ಲೆಕ್ಕಕ್ಕಿಲ್ಲ ಮಗಾ" ಅಂದುಬಿಟ್ಟಳು. ಅದನ್ನು ಕೇಳಿ ವಿಜೇತಾಳಿಗೆ ಅಳುವೇ ಬಂದಿತ್ತು.

"ಈಗ ಕುರ್ಚಿಯಲ್ಲಿ ಕೂತೇ ಹೆಚ್ಚು ಅಜ್ಜಿ. ಫುಲ್ ಟೈಟ್ ಅದೆ."

ಅಜ್ಜಿ ಒಂದು ಬಂಗಡೆ ಹೆಚ್ಚಿದಳು. ಎರಡನೆಯದಕ್ಕೆ ಕೈ ನಿಂತಿತು.

"ಗಟ್ಟಿ ಏನೋ ಅದೆ ಮಗಾ. ಆದ್ರೆ ಕೈ ಓಡೂದಿಲ್ಲ."

"ಎಂತಕೆ?"

"ಗೊತ್ತಿಲ್ಲ. ಸಿಟ್ಟು ಮಾಡ್ಬೇಡ."

"ಫೇಲ್! ಫೇಲ್!" ಬಾಗಿಲಲ್ಲಿ ನಿಂತಿದ್ದ ತಮ್ಮ ನಿತೇಶ ಕುಣಿದ.

"ನೀ ಬಾಯ್ಮುಚ್ಚು!" ಎಂದವಳೇ ವಿಜೇತಾ ಮೇಜಿನ ಅಡಿಗೆ ನುಗ್ಗಿದಳು. ಕ್ಲ್ಯಾಂಪ್ ಸಡಿಲಾಗಿದೆಯೇನೋ ಅಂತ ಅವಳ ಅನುಮಾನ. ಕ್ಲ್ಯಾಂಪ್ ಸರಿಯಾಗೇ ಇತ್ತು. "ಇನ್ನೊಂದು ಸಲ ಹೆಚ್ಚಜ್ಜಿ" ಅಂದಳು.

ಆಗ ಕಣ್ಣಿಗೆ ಬಿತ್ತು ಅಜ್ಜಿಯ ಬಲಗಾಲು. ಮೇಲೆ ಕೈ ಮೀನನ್ನು ತಳ್ಳಿದಾಗೆಲ್ಲ ಕೆಳಗೆ ಕಾಲು ಬರೀ ನೆಲವನ್ನು ಒತ್ತುತ್ತಿತ್ತು. ಪಾಪ, ಅಲ್ಲಿ ಮಣೆಯೇ ಇರಲಿಲ್ಲ!

"ಅಯ್ಯೋ, ಎಂಥ ಪೆದ್ದಿ ನಾನು! ಹೆಸರೇ ಮೆಟ್ಟುಗತ್ತಿ. ಮೆಟ್ಟೂಕೇ ಜಾಗ ಇಡಲಿಲ್ಲ!"

ಅವಳು ಕ್ಲ್ಯಾಂಪ್ ಬಿಚ್ಚಿ, ಮಣೆಯ ಎರಡೂ ಬದಿಗೆ ಮೇಜಿನ ಮೇಲೆ ಪೆನ್ಸಿಲ್ ಗುರುತು ಹಾಕಿದಳು. ತೂತು ಕೊರೆಯಲು ಅಪ್ಪನನ್ನು ಕರೆದಳು.

"ಕ್ಲ್ಯಾಂಪ್ ಬಿಗಿ ಇತ್ತಲ್ಲೇ. ಎಂತಕೆ ತೆಗ್ದೆ?" ಡ್ರಿಲ್ ಹಿಡಿದು ಅಪ್ಪ ಕೇಳಿದ.

"ಅದು ಅಜ್ಜಿ ಕಾಲಿನ ಮಾತು ಕೇಳೂದಿಲ್ಲ ಅಪ್ಪ."

ಮಣೆಯ ಮೇಲಿಂದ ನೈಲಾನ್ ಹಗ್ಗ ಹಾಯಿಸಿ, ಎರಡು ತುದಿಯನ್ನೂ ತೂತಿನಲ್ಲಿ ಕೆಳಗೆ ಇಳಿಸಿ, ಒಂದು ಹಲಗೆಗೆ ಕಟ್ಟಿದಳು. ಹಲಗೆ ಮೆಟ್ಟಿದರೆ ಹಗ್ಗ ಬಿಗಿದು ಮಣೆ ಕೂರುತ್ತದೆ, ಕಾಲೆತ್ತಿದರೆ ಸಡಿಲ. ಮೊದಲು ಹಲಗೆ ಎತ್ತರವಾಗಿ ಅಜ್ಜಿ "ಹುಶ್" ಅಂದು ಮೊಣಕಾಲು ಹಿಡಿದುಕೊಂಡಳು. ವಿಜೇತಾ ಗಂಟು ಬಿಚ್ಚಿ ಎರಡು ಬೆರಳು ಕೆಳಗಿಳಿಸಿದಳು.

ಸರ್ರ್! ಬಂಗಡೆಯ ತಲೆ ಬೇರೆ, ಬಾಲ ಬೇರೆ. ಇನ್ನೊಂದು. ಮತ್ತೊಂದು.

"ಆರೇ ಬಂಗಡೆ ತಂದದ್ದಾ? ಈ ಮನೇಲಿ ಜನ ಇಲ್ವಾ?" ಅಜ್ಜಿ ಅಪ್ಪನಿಗೆ ಗದರಿದಳು. ಎಷ್ಟು ದಿನವಾಗಿತ್ತು ಆ ಗದರಿಕೆ ಕೇಳಿ! ಅಪ್ಪ ನಗುತ್ತ ಚೀಲ ಹುಡುಕಿದ.

ಅಜ್ಜಿ ಕೆಳಗೆ ನೋಡದೆಯೇ ಕೂಗಿದಳು. "ಯಾರೇ ಅಲ್ಲಿ, ಬೆಕ್ಕನ್ನ ಓಡ್ಸಿ! ಕಾಲ ಬುಡಕ್ಕೇ ಬಂದು ಕೂತದೆ."

"ಬೆಕ್ಕಲ್ಲ ಅಜ್ಜಿ, ನಾನು!"

ವಿಜೇತಾ ಮೇಜಿನ ಅಡಿಯಿಂದ ಎದ್ದು ಬರಲಿಲ್ಲ. ಅಜ್ಜಿಯ ಕಾಲು ಹಲಗೆಯನ್ನು ಒತ್ತಿತು, ತುಸು ಬಿಟ್ಟಿತು, ಮತ್ತೆ ಒತ್ತಿತು. ಎಲ್ಲಿ ಎಷ್ಟು ಬಿಗಿ ಬೇಕು ಅಂತ ಆ ಕಾಲಿಗೆ ಗೊತ್ತಿತ್ತು. ಅವಳು ಅದನ್ನೇ ನೋಡುತ್ತ ಕೂತಳು.